ಕೊಸರಿನಂಗಡಿಯ ಹಲಗೆ

ಮಧುಗಿರಿಯಲ್ಲಿ ನನ್ನ ಅಂಗಡಿಯ ಬೋರ್ಡಿನ ಮೇಲೆ ಬರೆಸಿದ ಹೆಸರು ಒಂದು, ಜನ ಕರೆಯುವ ಹೆಸರು ಇನ್ನೊಂದು. ಬೋರ್ಡು ಬಿಸಿಲಿಗೆ ಮಾಸಿ ಎಷ್ಟೋ ಕಾಲವಾಯಿತು. ಜನ ಕರೆಯುವ ಹೆಸರು ಮಾತ್ರ ಮಾಸಲಿಲ್ಲ. ಮಿಡಿಗೇಶಿಯಿಂದ ಬಸ್ಸಿಳಿದವರೂ, ಕೊರಟಗೆರೆ ಕಡೆಯಿಂದ ಬೈಕಿನಲ್ಲಿ ಬಂದವರೂ ‘ಕೊಸರಿನಂಗಡಿ ಎಲ್ಲಿ?’ ಎಂದೇ ಕೇಳುತ್ತಾರೆ. ಬೋರ್‌ವೆಲ್ ಮೋಟರಿನ ಕೇಬಲ್ಲು, ಮನೆ ವೈರಿಂಗಿನ ವೈರು, ಕಾರ್ಖಾನೆಗೆ ಹೋಗುವ ದಪ್ಪ ಕೇಬಲ್ಲು, ಇವು ನನ್ನ ವ್ಯಾಪಾರ. ಅಳೆದು ಮುಗಿದ ಮೇಲೆ ನೂರು ಮೀಟರಿಗೆ ಒಂದು ಮೀಟರಿನಂತೆ ಮೇಲಿಂದ ಎಳೆದು, ‘ತಗೋ, ಇದು ನಿನ್ನ ಕೊಸರು’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಕತ್ತರಿಸುತ್ತಿದ್ದೆ. ರಾಗಿಗೆ, ಸೊಪ್ಪಿಗೆ, ಮಲ್ಲಿಗೆ ಹೂವಿಗೆ ಕೊಸರು ಕೊಡುವುದು ನಮ್ಮ ಕಡೆ ಎಲ್ಲರೂ ಕಂಡದ್ದು. ತಾಮ್ರದ ಕೇಬಲ್ಲಿಗೆ ಕೊಸರು ಕೊಡುವವನು ನಾನೊಬ್ಬನೇ ಆಗಿದ್ದೆ.

ಅಳೆಯುವುದು ಹಲಗೆಯ ಮೇಲೆ. ಅಂಗಡಿಯ ಮುಂಗಟ್ಟೆಗೆ ಹೊಂದಿಸಿದ ಹೊನ್ನೆ ಹಲಗೆ, ಅದಕ್ಕೆ ಎರಡು ಹಿತ್ತಾಳೆ ಮೊಳೆ, ನಡುವೆ ಒಂದು ಮೀಟರು. ಡ್ರಮ್ಮಿಗೆ ಪೈಪು ತೂರಿಸಿ ಎರಡು ಕಲ್ಲು ಚಪ್ಪಡಿಯ ಮೇಲೆ ಕೂರಿಸಿ, ಕೇಬಲ್ಲನ್ನು ಎಳೆದೆಳೆದು ಮೊಳೆಯಿಂದ ಮೊಳೆಗೆ ಹಿಡಿಯುತ್ತಿದ್ದೆ. ಎಣಿಕೆಯೂ ಕಣದಲ್ಲಿ ರಾಗಿ ಅಳೆದ ಹಾಗೆಯೇ. ಒಂದು ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದೆ. ಲಾಭ, ಎರಡು, ಮೂರು. ನಿಂತವರೂ ಜೊತೆಯಲ್ಲಿ ಎಣಿಸುತ್ತಿದ್ದರು. ಅವರ ಕಣ್ಣೆದುರಿಗೇ ನಡೆದ ಕೆಲಸ ಅದು. ಎಣಿಕೆಯಲ್ಲಿ ಒಂದು ದಿನವೂ ನಾನು ತಪ್ಪಿಲ್ಲ.

ತಪ್ಪು ಇದ್ದದ್ದು ಮೊಳೆಯಲ್ಲಿ. ಹಳೆಯ ಹಲಗೆಗೆ ಗೆದ್ದಲು ಹಿಡಿದಾಗ ಹೊಸದನ್ನು ಹಾಕಿಸಿದೆ. ಮೊಳೆ ನಾನೇ ಹೊಡೆದೆ. ಎರಡನೆಯ ಮೊಳೆ ಬೀಳಬೇಕಾದ ಜಾಗದಲ್ಲಿ ಮರದ ಗಂಟು ಇತ್ತು. ಹೊಡೆದರೆ ಮೊಳೆ ಬಗ್ಗಿತು, ಇನ್ನೊಂದು ಹೊಡೆದರೆ ಅದೂ ಬಗ್ಗಿತು. ಗಿರಾಕಿ ಕಾಯುತ್ತಿದ್ದ. ಒಂದಿಂಚು ಒಳಗೆ ಹೊಡೆದೆ, ಸಲೀಸಾಗಿ ಇಳಿಯಿತು. ನಾಳೆ ಸರಿಮಾಡೋಣ ಎಂದುಕೊಂಡೆ. ಆ ನಾಳೆ ಬರುವ ಮೊದಲೇ ಐನೂರು ಮೀಟರಿನ ಡ್ರಮ್ಮೊಂದು ಖಾಲಿಯಾಗಬೇಕಿತ್ತು. ಐನೂರು ಮೀಟರು ಮಾರಿದ ಮೇಲೂ ಅದರಲ್ಲಿ ಹನ್ನೆರಡು ಮೀಟರಿಗಿಂತ ಹೆಚ್ಚು ಕೇಬಲ್ಲು ಉಳಿದಿತ್ತು. ಎಸ್ಸೆಸ್ಸೆಲ್ಸಿವರೆಗೆ ಓದಿದವನು ನಾನು. ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದಿತ್ತು. ಹೇಗೆ ಉಳಿಯಿತು ಎಂದು ಗೊತ್ತಾಗಲಿಲ್ಲ ಎಂದು ಹೇಳುವಂತಿಲ್ಲ. ಆ ಉಳಿಕೆಯಲ್ಲೇ ನಾನು ಕೊಸರು ಕೊಡಲು ಶುರುಮಾಡಿದ್ದು. ನೂರು ಮೀಟರಿಗೆ ಎರಡೂವರೆ ಮೀಟರು ಕಿತ್ತುಕೊಂಡು, ಅದರಲ್ಲಿ ಒಂದು ಮೀಟರನ್ನು ಅವರಿಗೇ ಕೊಟ್ಟು ದೊಡ್ಡ ಮನುಷ್ಯನಾದೆ. ಇದು ಮೂವತ್ತು ವರ್ಷ ನಡೆಯಿತು.

ಈಗ ಅಂಗಡಿ ನಡೆಸುವವಳು ನನ್ನ ಸೊಸೆ. ಪಾವಗಡದ ಕಡೆಯವಳು, ಮಾತಿನಲ್ಲಿ ಅರ್ಧ ತೆಲುಗು, ಕೆಲಸದಲ್ಲಿ ಪೂರ್ತಿ ಚುರುಕು. ಮಗ ಹೈಸ್ಕೂಲು ಮೇಷ್ಟ್ರು. ಅವನಿಗೆ ಬಲ್ಬು ಬದಲಿಸುವುದಕ್ಕೂ ಹೆಂಡತಿಯೇ ಬೇಕು. ಪಾವಗಡದಲ್ಲಿ ಸೋಲಾರ್ ಕೆಲಸ ಹೆಚ್ಚಿದ ಮೇಲೆ ಸೊಸೆ ಅಲ್ಲಿನ ಕಂಟ್ರಾಕ್ಟುದಾರರಿಂದ ಆರ್ಡರು ಹಿಡಿದು ತಂದಳು. ಅವರು ಕೇಳುವುದು ಒಂದೇ ಸಲಕ್ಕೆ ಸಾವಿರ, ಎರಡು ಸಾವಿರ ಮೀಟರು, ಅಳೆದು ಸುರುಳಿ ಸುತ್ತಿ ಕೊಡಬೇಕು. ನನ್ನ ಬಲಗೈ ಹೆಗಲು ಮೇಲಕ್ಕೇ ಏಳದಂತಾಯಿತು.

“ಮಾವ, ಇಂಕ ಚಾಲು, ಸಾಕು ಇದು. ಈ ಹಲಗೆ ಮೇಲೆ ಲಾಭ, ಎರಡು ಅಂತ ಕೂತ್ರೆ ಪಾವಗಡದೋರು ಬೇರೆ ಅಂಗಡಿಗೆ ಹೋಗ್ತಾರೆ. ಮಿಷನ್ ತಗಳ್ಳಾಣ,” ಎಂದಳು.

ಆ ಕ್ಷಣ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಮಿಷನ್ ಬಂದರೆ ಹಲಗೆ ಹೋಗುತ್ತದೆ. ಹಲಗೆ ಹೋದರೆ ಪಾಪವೂ ಸದ್ದಿಲ್ಲದೆ ಹೋಗುತ್ತದೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಅಂದು ನಾನೇ ಹೋಗಿ ಎಲ್ಲರಿಗೂ ಬೋಂಡ ತಂದೆ.

ಯಾವ ಮಿಷನ್ ಎಂಬ ಮಾತು ಹದಿನೈದು ದಿನ ನಡೆಯಿತು. ಸೊಸೆ ಫೋನಿನಲ್ಲಿ ಬಗೆಬಗೆಯ ಮಿಷನ್ನು ತೋರಿಸಿದಳು. ಮೋಟರಿನದು ಚೆನ್ನಾಗಿತ್ತು, ಆದರೆ ಕರೆಂಟು ಹೋದರೆ ಗಿರಾಕಿ ಮುಂದೆ ಕೈಕಟ್ಟಿ ಕೂರಬೇಕು. ಕೈಚಕ್ರದ್ದು ಸಾಕು, ಕಾಲಲ್ಲಿ ಒತ್ತುವ ಬ್ರೇಕು ಇರಬೇಕು ಎಂದೆ. ಬ್ರೇಕಿಲ್ಲದಿದ್ದರೆ ನಾವು ನಿಲ್ಲಿಸಿದರೂ ಡ್ರಮ್ಮು ಉರುಳುತ್ತಲೇ ಇದ್ದು ಕೇಬಲ್ಲು ನೆಲದ ಮೇಲೆ ಹಾವಿನ ಹಾಗೆ ಬೀಳುತ್ತದೆ. ಇನ್ನೊಂದು ಮಿಷನ್ನು ಸುರುಳಿಯ ಸುತ್ತು ಎಣಿಸಿ ಮೀಟರು ಹೇಳುತ್ತಿತ್ತು. ಅದು ಬೇಡವೆಂದವಳು ಸೊಸೆ.

“ಸುತ್ತಿದಂಗೆಲ್ಲ ಸುರುಳಿ ದಪ್ಪ ಆಗಲ್ವಾ? ಮೊದಲ್ನೇ ಸುತ್ತೂ ಕೊನೇ ಸುತ್ತೂ ಒಂದೇನಾ? ಮೀಟರಿನ ಚಕ್ರ ಸುರುಳಿಗಿಂತ ಮುಂಚೆ ಇರಬೇಕು ಮಾವ, ಕೇಬಲ್ ಅದರ ಕೆಳಗೆ ಹಾದು ಬರಬೇಕು.”

ನನಗೆ ಹೆಮ್ಮೆಯಾಯಿತು. ಚಪ್ಪಟೆ ಕೇಬಲ್ಲು ಹೊರಳದ ಹಾಗೆ ಅಗಲ ತೋಡಿನ ಚಕ್ರ, ಸುರುಳಿ ಕಟ್ಟಿದ ಮೇಲೆ ಜಾರಿಸಿ ತೆಗೆಯಲು ಒಂದು ಬದಿ ಬಿಚ್ಚಿಕೊಳ್ಳುವ ತಟ್ಟೆ, ಡ್ರಮ್ಮುಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡಲು ಪೈಪಿನ ಸ್ಟ್ಯಾಂಡು, ಹೀಗೆ ಬೇಕಾದದ್ದನ್ನೆಲ್ಲ ಬರೆದುಕೊಂಡೆವು. ಇವೆಲ್ಲ ಒಟ್ಟಿಗೆ ಯಾವ ಫೋನಿನಲ್ಲೂ ಸಿಗಲಿಲ್ಲ. ಸಿರಾದಲ್ಲಿ ಲೇತು ಇಟ್ಟುಕೊಂಡ ಒಬ್ಬ ಮೇಸ್ತ್ರಿ ಹೇಳಿದ ಹಾಗೆ ಮಾಡಿಕೊಡುತ್ತಾನೆಂದು ಕೇಳಿ ಅವನಿಗೇ ಒಪ್ಪಿಸಿದೆವು.

ಮಿಷನ್ ತಯಾರಾಯಿತೆಂದು ಫೋನು ಬಂದ ದಿನ ಹೊರಟೆವು. ಸೊಸೆ ಒಳಗಿನಿಂದ ಒಂದು ಸುರುಳಿ ವೈರಿನ ಜೊತೆಗೆ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಹೊತ್ತು ತಂದಳು. ಮೊಳೆಯ ಹಲಗೆ! ಮುಂಗಟ್ಟೆಯಿಂದ ಬಿಚ್ಚಿಕೊಂಡೇ ಬಂದಿದ್ದಳು.

“ಇದ್ಯಾಕಮ್ಮ?” ಎಂದೆ.

“ಮಿಷನ್ ಸರಿ ಐತೋ ಇಲ್ವೋ ನೋಡಬೇಕಲ್ಲ? ನಮ್ಮ ಹಲಗೆಗಿಂತ ಸಾಕ್ಷಿ ಬೇಕಾ? ನೂರು ಮೀಟರು ಇದರಲ್ಲೇ ಅಳೆದು ಸುರುಳಿ ಮಾಡಿದ್ದೀನಿ.”

ಬಸ್ಸಿನಲ್ಲಿ ಹಲಗೆ ನನ್ನ ತೊಡೆಯ ಮೇಲಿತ್ತು. ಕಂಡಕ್ಟರು, “ಏನಜ್ಜ, ಮಗಾನಾ ಅದು? ಅರ್ಧ ಟಿಕೆಟ್ ಕೊಡ್ಲಾ?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಸೀರೆ ಸರಿದು ಕಾಣುತ್ತಿದ್ದ ಮೊಳೆಯನ್ನು ಮುಚ್ಚಿದೆ.

ಮಿಷನ್ನು ಗಿಳಿಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ನೋಡಿದರೆ ಮುಟ್ಟಬೇಕೆನಿಸುವ ಹಾಗಿತ್ತು. ಕೈಚಕ್ರ ಬೆಣ್ಣೆಯಂತೆ ತಿರುಗಿತು, ಬ್ರೇಕು ಹೇಳಿದಲ್ಲಿ ನಿಂತಿತು, ತಟ್ಟೆ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಮೇಸ್ತ್ರಿ ನಲವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ನನ್ನನ್ನು ಚಾಚಾ ಎನ್ನುತ್ತಿದ್ದ. ಸೊಸೆ ತನ್ನ ನೂರು ಮೀಟರನ್ನು ಹಾಯಿಸಿದಳು. ಅಂಕಿಗಳು ಟಿಕ್ ಟಿಕ್ ಎಂದು ಉರುಳಿ ತೊಂಬತ್ತೇಳೂವರೆಗೆ ನಿಂತವು.

“ಅಣ್ಣಾ, ನಿನ್ನ ಮಿಷನ್ ಎರಡೂವರೆ ಮೀಟರ್ ತಿಂದುಬಿಡ್ತು!”

“ಮಿಷನ್‌ಗೆ ಹೊಟ್ಟೆ ಎಲ್ಲಿ ಐತೆ ಅಕ್ಕಾ, ತಿನ್ನಕ್ಕೆ?”

ಸೊಸೆ ಅಲ್ಲೇ ಹಲಗೆ ಬಿಚ್ಚಿ ಇನ್ನೊಮ್ಮೆ ಅಳೆದಳು. ನೂರು. ಮಿಷನ್ನಿಗೆ ಹಾಯಿಸಿದಳು. ತೊಂಬತ್ತೇಳೂವರೆ. ಮೇಸ್ತ್ರಿಯ ಮುಖ ಸಣ್ಣದಾಯಿತು. ಜೇಬಿನಿಂದ ಉಕ್ಕಿನ ಟೇಪು ತೆಗೆದು ಹಲಗೆಯ ಕಡೆ ಬಗ್ಗಿದ.

ಆಗ ನಾನು ಬಾಯಿ ಬಿಟ್ಟೆ. ಸುಮ್ಮನಿದ್ದಿದ್ದರೂ ಸಾಕಿತ್ತು, ಟೇಪು ತಾನೇ ಸತ್ಯ ಹೇಳುತ್ತಿತ್ತು. “ಮೂವತ್ತು ವರ್ಷದಿಂದ ಮೂರು ತಾಲೂಕಿನ ಜನ ನಂಬಿದ ಹಲಗೆ ಕಣಪ್ಪ ಇದು. ಇದಕ್ಕೆ ಟೇಪು ಹಿಡೀತೀಯಾ?” ಎಂದೆ.

ಅವನು ಹಾವು ಮುಟ್ಟಿದವನಂತೆ ಕೈ ಹಿಂದಕ್ಕೆ ತೆಗೆದ. “ತೋಬಾ ತೋಬಾ! ಹಿರಿಯರು ನೀವು. ತಪ್ಪಾಯ್ತು ಚಾಚಾ. ಚಕ್ರದ ಮೇಲಿನ ರಬ್ಬರ್ ದಪ್ಪ ಆಗಿರ್ಬೇಕು. ನಾಲ್ಕು ದಿನ ಟೈಮ್ ಕೊಡಿ,” ಎಂದ.

ಹಿಂದಿರುಗುವಾಗ ಸೊಸೆ, “ಪಾಪ, ಮಂಚಿವಾಡೇ, ಒಳ್ಳೆಯವನೇ. ಕೈ ಚೆನ್ನಾಗೈತೆ, ಅಳತೆ ಒಂದು ಬರಲ್ಲ,” ಎಂದಳು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಸುಳ್ಳು ಮೊಳೆ ಹೊಡೆದದ್ದು ಹಳೆಯ ತಪ್ಪು. ಒಬ್ಬ ಒಳ್ಳೆಯ ಕೆಲಸಗಾರನ ಕೈಗೆ ಕೆಟ್ಟ ಹೆಸರು ತಂದದ್ದು ಹೊಸ ತಪ್ಪು. ಹಳೆಯದು ರೂಢಿಯಾಗಿತ್ತು, ಹೊಸದು ರೂಢಿಯಾಗಲಿಲ್ಲ.

ಐದನೆಯ ದಿನ ಅದೇ ಹಲಗೆ, ಅದೇ ವೈರು ಹೊತ್ತು ಮತ್ತೆ ಹೋದೆವು. ಮಿಷನ್ನಿನ ಮೇಲೆ ಒಂದು ಮಾರು ಸೇವಂತಿಗೆ ಹೂವು ಹಾಕಿಸಿದ್ದ, ನಮಗೆ ಶುಭವಾಗಲೆಂದು. ಪಕ್ಕದಲ್ಲಿ ಅವನ ಬೈಕು ನಿಂತಿತ್ತು, ಹಿಂದೆ ಉಪಕರಣದ ಚೀಲ ಕಟ್ಟಿತ್ತು. ಸೊಸೆ ವೈರು ಹಾಯಿಸಿದಳು. ಅಂಕಿ ಸರಿಯಾಗಿ ನೂರಕ್ಕೆ ನಿಂತಿತು. ಅವಳು ಚಪ್ಪಾಳೆ ತಟ್ಟಿದಳು.

“ಚಕ್ರಾನ ಲೇತಿಗೆ ಹಾಕಿ ಸಣ್ಣ ಮಾಡ್ದೆ,” ಎಂದ ಮೇಸ್ತ್ರಿ. ನನ್ನ ಮುಂದೆ ಬಂದು ನಿಂತ. “ಚಾಚಾ, ಮಾಫ್ ಮಾಡಿ. ಈ ಕೆಲಸ ನಮ್ಮ ಅಬ್ಬಾ ಕಲಿಸಿದ್ದು. ಒಂದು ಕೂದಲು ಆಚೆ ಈಚೆ ಆಗಿಲ್ಲ ಅಂತ ಮೆರೀತಿದ್ದೆ. ನಾಲ್ಕು ದಿನದಿಂದ ಊಟ ಸೇರಿಲ್ಲ ನಂಗೆ. ಇದೇ ಥರದ್ದು ಇನ್ನೂ ನಾಲ್ಕು ಮಿಷನ್ ಮಾಡ್ಕೊಟ್ಟಿದ್ದೀನಿ. ಈಗ ಹೊರಟೆ, ಎಲ್ಲಾ ಅಂಗಡಿಗೂ ಹೋಗಿ ಚಕ್ರ ಬಿಚ್ಚಿ ತಂದು ಸಣ್ಣ ಮಾಡ್ತೀನಿ.”

ಬೈಕಿನ ಕೀಲಿ ಅವನ ಕೈಯಲ್ಲಿತ್ತು. ನನ್ನ ಒಂದು ಮೊಳೆಯಿಂದ ಇನ್ನು ನಾಲ್ಕು ಅಂಗಡಿಗಳಲ್ಲಿ ಮೀಟರು ಸಣ್ಣದಾಗಲಿತ್ತು. ಅದೂ ಪ್ರಾಮಾಣಿಕನೊಬ್ಬನ ಕೈಯಿಂದ, ಹೂವು ಹಾಕಿಸಿಕೊಂಡು.

“ಟೇಪು ಕೊಡಪ್ಪ,” ಎಂದೆ.

ಕೊಟ್ಟ. ನಾನೇ ಬಗ್ಗಿ ಮೊಳೆಯಿಂದ ಮೊಳೆಗೆ ಹಿಡಿದೆ. “ಬಾರಮ್ಮ, ನೋಡು. ನನ್ನ ಕಣ್ಣು ಮಂಜು, ನೀನೇ ಓದು,” ಎಂದೆ.

ಸೊಸೆ ಓದಿದಳು. ಇನ್ನೊಮ್ಮೆ ಓದಿದಳು. “ಮೂವತ್ತೆಂಟು ಇಂಚು, ಮೇಲೆ ಚೂರು. ಮೀಟರು ಅಂದ್ರೆ ಮೂವತ್ತೊಂಬತ್ತು ಮೇಲೆ ಚೂರು ಅಲ್ವಾ ಮಾವ? ಹಲಗೆ ಏನಾದ್ರೂ ಒಣಗಿ...”

“ಮರ ಉದ್ದಕ್ಕೆ ಒಣಗಲ್ಲ ಕಣಮ್ಮ. ಮೊಳೆ ಹೊಡೆದೋನೇ ಒಂದಿಂಚು ಒಳಗೆ ಹೊಡೆದ. ಗೊತ್ತಿದ್ದೂ ಬಿಟ್ಟ. ನಿನ್ನ ಮಿಷನ್ ಮೊದಲೇ ಸರಿಯಾಗಿತ್ತು ಮೇಸ್ತ್ರಿ. ನನ್ನ ಬಾಯಿ ಸರಿಯಿರಲಿಲ್ಲ.” ಗಂಟಿನ ಕಥೆ, ಡ್ರಮ್ಮಿನ ಉಳಿಕೆ, ಎಲ್ಲ ಹೇಳಿದೆ.

ಸೊಸೆ ಒಂದು ಖಾಲಿ ಡ್ರಮ್ಮಿನ ಮೇಲೆ ಕೂತಳು. ಬೆರಳು ಮಡಿಚಿ ಎಣಿಸಿದಳು. “ಅಂಟೇ... ಅಂದ್ರೆ, ನಾವು ಕೊಡ್ತಿದ್ದ ಕೊಸರು?”

“ಅವರದ್ದೇ.”

“ಅದೂ ಪೂರ್ತಿ ಅಲ್ಲ!”

“ಪೂರ್ತಿ ಅಲ್ಲ.”

ಮೊದಲು ನಕ್ಕವನು ಮೇಸ್ತ್ರಿ. ಅದೆಲ್ಲಿತ್ತೋ ಆ ನಗು, ಹೊಟ್ಟೆ ಹಿಡಿದುಕೊಂಡು ಲೇತಿಗೆ ಒರಗಿಬಿಟ್ಟ. “ಯಾ ಅಲ್ಲಾ! ಅವರ ರೊಟ್ಟಿ ಕಿತ್ಕೊಂಡು ಅವರಿಗೇ ದಾವತ್ ಕೊಟ್ಟಿದ್ದೀರಲ್ಲ ಚಾಚಾ!” ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡ. ಕಳೆದುಹೋದ ಹಸು ಮನೆಗೆ ಬಂದರೆ ನೋಡುವ ಹಾಗೆ. ಆಮೇಲೆ ಬೈಕಿನಿಂದ ಚೀಲ ಬಿಚ್ಚಿದ. “ಹೊಸ ಚಕ್ರ ಮಾಡ್ತೀನಿ. ಆದ್ರೆ ಒಂದು ಷರತ್ತು. ಈ ಹಲಗೆ ನಂಗೆ ಕೊಡಬೇಕು. ಮಿಷನ್ ತಪ್ಪು ಅಂದೋರಿಗೆಲ್ಲ ತೋರಿಸ್ತೀನಿ.” ಹಲಗೆ ಇವತ್ತಿಗೂ ಅವನ ಗೋಡೆಯ ಮೇಲಿದೆ.

ಮಧುಗಿರಿಯಲ್ಲಿ ಬಸ್ಸಿಳಿಯುವಾಗ ಸೊಸೆ, “ಮಾವ, ನಂಗೆ ಹೇಳಿದ್ದು ಸಾಲಲ್ಲ. ತಗೊಂಡೋರಿಗೆ ಹೇಳಬೇಕು. ಕಡಿಮೆ ಬಿದ್ದಿದ್ದು ಕೊಡಬೇಕು,” ಎಂದಳು. ಅವಳು ಹೇಳದಿದ್ದರೂ ಹೇಳುತ್ತಿದ್ದೆ ಎಂದು ಬರೆಯಲು ಆಸೆಯಿದೆ. ಬರೆಯುವುದಿಲ್ಲ.

ಮಿಷನ್ನು ಬಂದು ಕೂತಿತು. ಬಂದವರಿಗೆಲ್ಲ ಹೇಳತೊಡಗಿದೆ. ಇಲ್ಲಿ ಒಂದು ತಮಾಷೆ ನಡೆಯಿತು. ಯಾರೂ ನಂಬಲಿಲ್ಲ.

“ಅಯ್, ಬುಡು ಯಜಮಾನ,” ಎಂದ ಮಿಡಿಗೇಶಿಯ ಒಬ್ಬ ರೈತ. “ಕೊಸರು ಕೊಡೋನು ಅಳತೇಲಿ ಕಳ್ತಾನ ಮಾಡ್ತಾನಾ? ವಯಸ್ಸಾತು, ಏನೇನೋ ಏಳ್ತೀಯ.”

“ನಿಜ ಕಣಯ್ಯಾ. ತಗೋ, ನಿನಗೆ ಕಡಿಮೆ ಬಿದ್ದಿದ್ದು ಮೂರು ಮೀಟರು.”

ಅವನು ಅದನ್ನು ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ, “ಮುದುಕ ಈಗ ಹಳೇ ಖರೀದಿಗೂ ಕೊಸರು ಕೊಡ್ತಾವ್ನೆ!” ಎಂದು ಸಾರಿದ. ಶುಕ್ರವಾರ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೊರಟಿದ್ದವರೂ ಅಂಗಡಿಗೆ ಹೊಕ್ಕು ಹೋದರು. ನನ್ನ ಹೆಸರು ಮೊದಲಿಗಿಂತ ದೊಡ್ಡದಾಯಿತು. ತಪ್ಪೊಪ್ಪಿಕೊಂಡಷ್ಟೂ ಕೈಮುಗಿಯುತ್ತಿದ್ದರು. ಸೊಸೆ ಮಿಷನ್ನಿನ ಹಿಂದೆ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ಸೋಮವಾರ ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಅರವತ್ತರ ಸುಮಾರು, ತಲೆಯ ಮೇಲೆ ಟವಲು. ಬೋರಿನ ಮೋಟರು ಚಾಲೂ ಮಾಡುವ ಸ್ಟಾರ್ಟರಿನ ಪೆಟ್ಟಿಗೆಗೆ ನೀರು ಹೊಕ್ಕು ತುಕ್ಕು ಹಿಡಿದಿತ್ತು, ಹೊಸದು ಬೇಕಾಗಿತ್ತು. ನಾನು ನನ್ನ ಮಾಮೂಲಿ ಪಾಠ ಒಪ್ಪಿಸಿದೆ. ಅವಳು ನಗಲಿಲ್ಲ.

“ನಾವು ನೂರೆಂಬತ್ತು ಮೀಟರು ತಗಂಡೋಗಿದ್ವಿ. ನಮ್ಗೆ ಎಷ್ಟು ಕಮ್ಮಿ ಬಿತ್ತು?”

ನಾಲ್ಕೂವರೆ ಮೀಟರು ಕಡಿಮೆ, ಎರಡು ಮೀಟರು ಕೊಸರು. “ಎರಡೂವರೆ ಮೀಟರು ತಾಯಿ. ಎಂಟಡಿ.”

“ಎಂಟಡಿ!” ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಶುರುವಾಯಿತು ನೋಡಿ. “ಎಲಾ ಮುದುಕಾ! ನಿನ್ ಕೈ ಸೇದೋಗ! ನಮ್ಮನೆ ಗ್ವಾಡೆಗೂ ಹೊಂಗೆ ಮರಕ್ಕೂ ಎಂಟಡಿ ಕಣೋ! ಕೇಬಲ್ಲು ಮರದ ತಾವ್ಕೇ ಮುಗುದೋತು. ಜಾಯಿಂಟ್ ಹಾಕಿದ್ರೆ ಮಳೇಲಿ ಸುಟ್ಟೋಯ್ತದೆ ಅಂದ ವೈರ್‌ಮನ್ನು. ಮರಕ್ಕೇ ಹೊಡೆದ್ವಿ ಪೆಟ್ಟಿಗೇನ. ಹನ್ನೊಂದು ವರ್ಸ ಆತು. ಕರೆಂಟು ಬಂದಾಗ್ಲೆಲ್ಲ ಮಳೇಲಿ ಗೋಣಿಚೀಲ ತಲೆಗಾಕ್ಕೊಂಡು ಓಡೋಗಿ ಒತ್ತಿದ್ದೀನಿ!”

ಅಂಗಡಿಯ ಮುಂದೆ ಜನ ನಿಂತರು. ಯಾರೋ ಸಮಾಧಾನ ಹೇಳಲು ಬಂದರೆ, “ಸುಮ್ನಿರಿ, ಬೈಯ್ಲಿ,” ಎಂದೆ. ಆ ಬೈಗುಳ ಸುಡುವ ಬಿಸಿಲಲ್ಲಿ ಕುಡಿದ ಮಜ್ಜಿಗೆಯಂತೆ ಒಳಗೆ ಇಳಿಯುತ್ತಿತ್ತು. ಕೊನೆಗೂ ಒಬ್ಬರು ನನ್ನನ್ನು ನಂಬಿದ್ದರು.

ಬೈದು ಬೈದು ದಣಿದು ಅವಳು ಕಲ್ಲಿನ ಮೇಲೆ ಕೂತಳು. ದನಿ ತಗ್ಗಿತು. “ಅದೋಗ್ಲಿ. ನಮ್ಮನೆಯೋರು ಅಳೆದು ಬರೆಸ್ಕಂಡು ಬಂದಿದ್ದು ಈ ಕೇಬಲ್ಲ. ಅಳತೆ ಗೊತ್ತಿಲ್ದೋನು, ಎಂಟಡಿ ಲೆಕ್ಕ ಬರದೋನು ಅಂತ ನಾನು ಬೈಯ್ದಿರೋ ದಿನ ಇಲ್ಲ. ಬೀಗರ ಮುಂದೆನೂ ಬೈದಿದ್ದೀನಿ. ಈಗ ಯಾವ ಮಕ ಇಟ್ಕಂಡು ಏಳ್ಲಿ ನಾನು? ನೀನೇ ಬಂದು ಏಳು.”

ಮರುದಿನವೇ ಬೋರಿನ ಬಾಯಿಂದ ಮನೆಯ ಗೋಡೆಗೆ ಬೇಕಾದಷ್ಟು ಹೊಸ ಕೇಬಲ್ಲನ್ನು ಮಿಷನ್ನಿನಲ್ಲಿ ಅಳೆದು ಸುತ್ತಿ, ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ನಾನೂ ಸೊಸೆಯೂ ಹೋದೆವು. ಆ ಮನುಷ್ಯ ಹೊಂಗೆಯ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಬಡಕಲು ಮೈ, ತಗ್ಗಿದ ತಲೆ. ನಾನು ಚಪ್ಪಲಿ ಬಿಟ್ಟು ಅವನ ಮುಂದೆ ನಿಂತೆ.

“ನಿಮ್ಮ ಅಳತೆ ಸರಿಯಾಗಿತ್ತು. ತಪ್ಪಿದ್ದು ನನ್ನ ಮೊಳೆ. ಎಂಟಡಿ ನಾನು ಕದ್ದೆ.”

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಿದ. ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನ ಬೆನ್ನು ಒಂದೊಂದೇ ಗೆಣ್ಣಾಗಿ ನೆಟ್ಟಗಾಗುತ್ತ ಬಂತು.

“ಇನ್ನೊಂದ್ಸಲ ಏಳಿ.”

ಹೇಳಿದೆ. ಅವನು ಎದ್ದು ನಿಂತು ಪಕ್ಕದ ಮನೆಯ ಕಡೆ ತಿರುಗಿ, “ಲೇ, ಬರ್ರೋ ಇಲ್ಲಿ! ಅತ್ತಿಗೇ, ನೀನೂ ಬಾ! ಮಧುಗಿರಿ ಯಜಮಾನ್ರು ಏನೋ ಏಳ್ತಾವ್ರೆ!” ಎಂದು ಕೂಗಿದ. ಜನ ಬಂದರು. ಮೂರನೆಯ ಸಲ ಹೇಳಿದೆ. ಅವನ ಹೆಂಡತಿ ಮೊದಲು ಅಳುವವಳಂತೆ ಮಾಡಿ, ಆಮೇಲೆ ತಡೆಯಲಾರದೆ ನಕ್ಕುಬಿಟ್ಟಳು. “ಸಾಕು ಬುಡಿ, ಊರೆಲ್ಲ ಕೇಳ್ತು,” ಎಂದಳು.

“ನೀನು ಹನ್ನೊಂದು ವರ್ಸ ಅಂದೆ. ನಾನು ಮೂರು ಸಲ ಕೇಳಬಾರ್ದಾ?” ಎಂದ ಅವನು.

ಸೊಸೆ ಅಷ್ಟರಲ್ಲಿ ಕೇಬಲ್ಲು ಎಳೆಸಿ, ಮನೆಯ ಒಳಗೋಡೆಗೆ ಹೊಸ ಸ್ಟಾರ್ಟರು ಹೊಡೆಸಿದ್ದಳು. ಕೇಬಲ್ಲಿನ ತುದಿ ಪೆಟ್ಟಿಗೆಯ ಒಳಕ್ಕೆ ಸರಿಯಾಗಿ ಮುಟ್ಟಿತು. ಹೆಂಗಸು ಗಂಡನ ಕೈ ಹಿಡಿದು ಕರೆದುಕೊಂಡು ಹೋಗಿ, “ನೀವೇ ಒತ್ತಿ,” ಎಂದಳು. ಒತ್ತಿದ. ಆಚೆ ತೊಟ್ಟಿಗೆ ನೀರು ದಬದಬ ಬಿದ್ದ ಸದ್ದು ಒಳಗಿನವರೆಗೆ ಕೇಳಿಸಿತು. ಯಾರೂ ಮಳೆಬಿಸಿಲಿಗೆ ಹೋಗದೆ, ಅಡಿಗೆಮನೆಯ ಬಾಗಿಲಲ್ಲಿ ನಿಂತೇ ಆ ನೀರು ತರಿಸಿದ್ದೆವು.

ನಾವು ಆಟೋ ಹತ್ತಿದ ಮೇಲೆ ಅವನು ಓಡಿ ಬಂದ. ಏದುಸಿರು ಬಿಡುತ್ತಿದ್ದ, ಮುಖವೆಲ್ಲ ನಗು. “ಯಜಮಾನ್ರೇ, ಭಾನುವಾರ ನಮ್ಮ ಬೀಗರು ಬತ್ತಾರೆ. ಕೋಳಿ ಕುಯ್ತೀವಿ. ನೀವೂ ಬರಬೇಕು. ಊಟಕ್ಕೆ ಮುಂಚೆ ಅವರ ಮುಂದೆ ಒಂದೇ ಒಂದು ಸಲ...”

“ಬರ್ತೀನಿ,” ಎಂದೆ. ಭಾನುವಾರ ಹೋದೆ. ಬೀಗರೆಲ್ಲ ಎಲೆಯ ಮುಂದೆ ಕೂತ ಮೇಲೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದೆ.